ಕೆಟಮಿನ್ ಕೊಟ್ಟ ಎರಡು ತಾಸಿನಲ್ಲಿ ತಲೆಯೊಳಗೆ ಏನಾಗುತ್ತದೆ?

ಪ್ರಶ್ನೆ: ನಮ್ಮಣ್ಣಗ ನಲವತ್ತೊಂದು ವರ್ಷ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಾಗ ದಲಾಲಿ ಅಂಗಡಿ ಲೆಕ್ಕ ಬರೀತಾನ. ಡಿಪ್ರೆಶನ್ ಅಂತ ಹಾವೇರಿಯೊಳಗ ತೋರಿಸಾಕ ಹತ್ತಿ ವರ್ಷ ಆತು. ಮೊದಲ ಎಸ್ಸಿಟಾಲೋಪ್ರಾಮ್ ಕೊಟ್ರು, ಆಮ್ಯಾಲೆ ವೆನ್ಲಾಫ್ಯಾಕ್ಸಿನ್. ಎರಡಕ್ಕೂ ಅಷ್ಟಕ್ಕಷ್ಟ. ರಾತ್ರಿ ನಿದ್ದಿಗೆ ಕ್ಲೋನಾಜೆಪಾಮ್ ಐತಿ. ಈಗ ಹುಬ್ಬಳ್ಳಿ ಡಾಕ್ಟರ್ 'ಕೆಟಮಿನ್ ಸಲಾಯಿನ್‌ನಾಗ ಕೊಟ್ಟು ನೋಡೂಣು, ಎರಡು ತಾಸಿನಾಗ ಫರಕ ಕಾಣಬಹುದು' ಅಂದಾರ. ಅದು ಆಪರೇಶನ್‌ಗೆ ಕೊಡೂ ಔಷಧ ಅಲ್ಲೇನ್ರಿ? ಆರು ವಾರದಾಗ ಆಗದ್ದು ಎರಡು ತಾಸಿನಾಗ ಹೆಂಗ ಆಗತೈತಿ? ನಿಶಾ ಏರಿ ಖುಷಿ ಆದಂಗ ಕಾಣತೈತೋ, ಖರೇನ ಮನಸ್ಸು ತಿರುಗತೈತೋ?
(ಬ್ಯಾಡಗಿ ತಾಲ್ಲೂಕಿನ ಓದುಗರು)

ಉತ್ತರ: ನಿಶೆ ಬೇರೆ, ಗುಣ ಬೇರೆ. ಎರಡೂ ಒಂದೇ ಬಾಟಲಿಯಿಂದ ಬಂದರೂ ಅವುಗಳ ಹೊತ್ತು ಬೇರೆ. ಸಲಾಯಿನ್ ಹನಿಯುವ 40 ನಿಮಿಷದಲ್ಲಿ ಕೈಕಾಲು ಹಗುರಾಗುತ್ತವೆ, ಪಕ್ಕದವರ ಮಾತು ದೂರದಿಂದ ಕೇಳಿದ ಹಾಗಾಗುತ್ತದೆ, ಕೆಲವರಿಗೆ ತಮ್ಮ ಮೈಯನ್ನು ತಾವೇ ಹೊರಗೆ ನಿಂತು ನೋಡಿದಂತೆ ಅನಿಸುತ್ತದೆ. ಬಾಟಲಿ ತೆಗೆದ ಒಂದೆರಡು ತಾಸಿನಲ್ಲಿ ಅದು ಇಳಿದು ಹೋಗುತ್ತದೆ. ಖಿನ್ನತೆ ಸಡಿಲಾಗಲು ಶುರುವಾಗುವುದು ಹೆಚ್ಚುಕಡಿಮೆ ಆ ಹೊತ್ತಿಗೆ, ಎದ್ದು ಕಾಣುವುದು ಮರುದಿನ. ರಕ್ತದಲ್ಲಿರುವ ಕೆಟಮಿನ್ ಎರಡೂವರೆ-ಮೂರು ತಾಸಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮರುದಿನ ಮುಂಜಾನೆ ನಿಮ್ಮಣ್ಣ ಎದ್ದು ಚಹಾ ಕೇಳುವಾಗ ರಕ್ತದಲ್ಲಿ ಔಷಧ ಉಳಿದಿರುವುದು ಲೆಕ್ಕಕ್ಕಿಲ್ಲದಷ್ಟು. ಆಗ ಕಾಣುವ ಫರಕು ನಿಶೆಯದ್ದಲ್ಲ, ಔಷಧ ಮೆದುಳಿನಲ್ಲಿ ಶುರು ಮಾಡಿದ ಬದಲಾವಣೆಯದ್ದು.

ಆಪರೇಶನ್ ಔಷಧ ಎಂಬುದು ನಿಜ. 1962ರಲ್ಲಿ ಮೊದಲು ತಯಾರಾದ ಕೆಟಮಿನ್‌ಗೆ 1970ರಲ್ಲಿ ಅಮೆರಿಕದಲ್ಲಿ ಅರಿವಳಿಕೆಗಾಗಿ ಪರವಾನಗಿ ಸಿಕ್ಕಿತು. ಅರಿವು ತಪ್ಪಿಸಬೇಕಾದರೆ ತೂಕದ ಒಂದು ಕಿಲೋಗೆ 1ರಿಂದ 2 ಮಿ.ಗ್ರಾಂ ನರಕ್ಕೆ ಒಮ್ಮೆಲೇ ಕೊಡುತ್ತಾರೆ. ಖಿನ್ನತೆಗೆ ಕೊಡುವುದು ಕಿಲೋಗೆ 0.5 ಮಿ.ಗ್ರಾಂ, ಅದೂ 40 ನಿಮಿಷಕ್ಕೆ ಹರಡಿ. ಈ ಪ್ರಮಾಣ 2000ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮಾಡಿದ ಬಹಳ ಸಣ್ಣ ಪ್ರಯೋಗದಿಂದ ಬಂದದ್ದು. ಅದನ್ನು ಪೂರ್ತಿ ಮಾಡಿದ ರೋಗಿಗಳು ಏಳೇ ಜನ. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ, ಬೇರೆ ಗುಳಿಗೆಗಳಿಗೆ ಜಗ್ಗದ ರೋಗಿಗಳಲ್ಲಿ ಒಂದೇ ಬಾರಿ ಕೊಟ್ಟು ನೋಡಿತು. ಮರುದಿನ ನೂರಕ್ಕೆ 71ರಷ್ಟು ಜನರಲ್ಲಿ ಖಿನ್ನತೆಯ ಅಂಕ ಅರ್ಧಕ್ಕಿಂತ ಕೆಳಗಿತ್ತು. ಒಂದು ವಾರ ಅದನ್ನು ಉಳಿಸಿಕೊಂಡವರು ನೂರಕ್ಕೆ 35. ಈ ಎರಡನೆಯ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಮನಸ್ಸು ತಿರುಗುವ ಮಾತು. ಖಿನ್ನತೆ ಎಂದರೆ ಬರೀ ದುಃಖ ಅಂತ ತಿಳಿದರೆ ಈ ಔಷಧ ಅರ್ಥವಾಗುವುದಿಲ್ಲ. ನಿಮ್ಮಣ್ಣನ ಅಂಗಡಿಯ ಕಾಟಾ ನೆನೆಸಿಕೊಳ್ಳಿ. ಖಾಲಿ ಇದ್ದಾಗಲೇ ಮುಳ್ಳು ಎರಡು ಕಿಲೋ ತೋರಿಸುತ್ತಿದ್ದರೆ ಯಾವ ಚೀಲ ಇಟ್ಟರೂ ತೂಕ ತಪ್ಪು. ಖಿನ್ನತೆಯಲ್ಲಿ ಮೆದುಳಿನ ಕಾಟಾ ಹೀಗೆ ಕೆಟ್ಟದ್ದರ ಕಡೆ ಜರುಗಿರುತ್ತದೆ. ಸಾವಕಾರ್ರು 'ಆ ಪುಟ ಒಂದ್ಸಲ ನೋಡಪಾ' ಅಂದರೆ 'ನನ್ನ ಮ್ಯಾಲೆ ಸಂಶೆ ಬಂದೈತಿ' ಅಂತ ಕೇಳಿಸುತ್ತದೆ. 'ಚಲೋ ಬರದಿ' ಅಂದರೆ ಅದು ಕಿವಿಗೇ ಬೀಳುವುದಿಲ್ಲ, ಬಿದ್ದರೂ ಸಂಜೆಗೆ ನೆನಪಿರುವುದಿಲ್ಲ.

ಇದನ್ನು ಅಳೆಯಬಹುದು. ಆಕ್ಸ್‌ಫರ್ಡ್‌ನ ಕ್ಯಾಥರೀನ್ ಹಾರ್ಮರ್ ಮತ್ತು ಸಂಗಡಿಗರು ಬಳಸುವ ಪರೀಕ್ಷೆಯಲ್ಲಿ ಪರದೆಯ ಮೇಲೆ ಒಂದು ಮುಖ ಬರುತ್ತದೆ. ಭಾವವಿಲ್ಲದ ಮುಖದಿಂದ ಪೂರ್ತಿ ನಗುಮುಖದ ತನಕ ನೂರಕ್ಕೆ ಹತ್ತರಂತೆ ಮೆಟ್ಟಿಲು ಮಾಡಿರುತ್ತಾರೆ. ಸಿಟ್ಟು, ಅಂಜಿಕೆ, ದುಃಖಕ್ಕೂ ಹಾಗೆಯೇ. ಅರೆಕ್ಷಣ ತೋರಿಸಿ 'ಇದು ಯಾವ ಭಾವ?' ಎಂದು ಕೇಳುತ್ತಾರೆ. ಖಿನ್ನತೆ ಇರುವವರಿಗೆ ನಗು ಗುರುತು ಸಿಗಬೇಕಾದರೆ ಅದು ಗಾಢವಾಗಿರಬೇಕು. ಇನ್ನೊಂದು ಪರೀಕ್ಷೆಯಲ್ಲಿ 'ಪ್ರಾಮಾಣಿಕ', 'ಜಂಬಗಾರ' ಇಂಥ ಪದಗಳು ಬರುತ್ತವೆ. ಜನ ತಮಗೆ ಹೀಗೆ ಅಂದರೆ ಇಷ್ಟವೋ ಅಲ್ಲವೋ ಅಂತ ಗುಂಡಿ ಒತ್ತಬೇಕು. ಸ್ವಲ್ಪ ಹೊತ್ತಿನ ಮೇಲೆ ಯಾವ ಪದ ನೆನಪಿವೆ ಎಂದು ಕೇಳಿದರೆ, ಒಳ್ಳೆಯ ಪದಗಳು ಕಮ್ಮಿ ನೆನಪಿರುತ್ತವೆ.

2009ರಲ್ಲಿ ಇದೇ ಗುಂಪು ಪ್ರಕಟಿಸಿದ ಕೆಲಸ ನಿಮ್ಮ 'ಆರು ವಾರ'ದ ಗುಟ್ಟನ್ನು ಬಿಡಿಸುತ್ತದೆ. ಖಿನ್ನತೆ ಇದ್ದವರಿಗೆ ರೆಬಾಕ್ಸೆಟಿನ್ ಎಂಬ ಹಳೆಯ ಮಾದರಿಯ ಗುಳಿಗೆಯನ್ನು ಒಂದೇ ಒಂದು ಸಲ, 4 ಮಿ.ಗ್ರಾಂ ಕೊಟ್ಟರು. ಎರಡು-ಮೂರು ತಾಸಿನಲ್ಲಿ ನಗುಮುಖ ಗುರುತಿಸುವುದು, ಒಳ್ಳೆಯ ಪದ ನೆನಪಿಡುವುದು ಎರಡೂ ಸುಧಾರಿಸಿದವು. ಆದರೆ 'ಈಗ ಹೇಗನಿಸುತ್ತದೆ?' ಎಂದರೆ 'ಏನೂ ಫರಕಿಲ್ಲ' ಎಂಬ ಉತ್ತರ. ಅಂದರೆ ಸಾದಾ ಗುಳಿಗೆಯೂ ಕಾಟಾವನ್ನು ಮೊದಲ ದಿನವೇ ಮುಟ್ಟುತ್ತದೆ. ಸರಿಯಾದ ಕಾಟಾದ ಮೇಲೆ ದಿನವೂ ಹೊಸ ಚೀಲ ಬಂದು, ತೂಗಿ, ಲೆಕ್ಕದ ಪುಸ್ತಕದ ತುಂಬ ಹೊಸ ಬರಹ ಬಿದ್ದ ಮೇಲೆಯೇ ಮನಸ್ಸಿಗೆ ತಿಳಿಯುವುದು. ಆ ವಾರಗಳು ಹೋಗುವುದು ಇದಕ್ಕೆ. ದಿನವಿಡೀ ಕದ ಹಾಕಿಕೊಂಡು ಮಲಗಿದವರಿಗೆ ಗುಳಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ ಎಂದು ಈ ಗುಂಪಿನ ವಾದ. ತೂಗಲು ಚೀಲವೇ ಬರುವುದಿಲ್ಲವಲ್ಲ.

ಕೆಟಮಿನ್ ಮುಟ್ಟುವುದು ಹೊಸ ಬರಹವನ್ನಲ್ಲ, ಹಳೆಯದನ್ನು. ಇದನ್ನು ಚೆನ್ನಾಗಿ ತೋರಿಸಿದ್ದು ಇಲಿಗಳು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಎಮ್ಮಾ ರಾಬಿನ್ಸನ್ ಅವರ ಪ್ರಯೋಗಾಲಯದಲ್ಲಿ ಇಲಿಗೆ ಎರಡು ಬಟ್ಟಲು ಇಡುತ್ತಾರೆ. ಒಂದೊಂದರಲ್ಲಿ ಒಂದೊಂದು ಥರದ ಪುಡಿ ತುಂಬಿರುತ್ತಾರೆ, ಕಟ್ಟಿಗೆ ಹೊಟ್ಟಿನಂಥದ್ದು. ಕೆದರಿದರೆ ಒಳಗೆ ತಿಂಡಿಯ ಚೂರು. ಚೂರು ಎರಡರಲ್ಲೂ ಒಂದೇ ಅಳತೆ. ಆದರೆ ಒಂದು ಬಟ್ಟಲನ್ನು ಇಲಿ ಕಲಿತದ್ದು ಆರಾಮವಾಗಿದ್ದ ದಿನ, ಇನ್ನೊಂದನ್ನು ಕಲಿತದ್ದು ಒತ್ತಡ ಕೊಟ್ಟ ದಿನ. ಕೆಲವು ದಿನ ಬಿಟ್ಟು ಎರಡನ್ನೂ ಒಟ್ಟಿಗೆ ಇಟ್ಟರೆ, ಒತ್ತಡದ ದಿನದ ಬಟ್ಟಲನ್ನು ಇಲಿ ಬಿಡುತ್ತದೆ. ತಿಂಡಿ ಅಷ್ಟೇ ಇದ್ದರೂ ಆ ನೆನಪಿಗೆ ಕಹಿ ಅಂಟಿದೆ. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು: ಆರಿಸುವ ಮುಂಚೆ ಕೆಟಮಿನ್ ಕೊಟ್ಟರೆ ಆ ಕಹಿ ಕಳಚಿತು, ಇಲಿ ಎರಡೂ ಬಟ್ಟಲಿಗೆ ಸಮವಾಗಿ ಹೋಯಿತು. ವೆನ್ಲಾಫ್ಯಾಕ್ಸಿನ್ ಕೊಟ್ಟರೆ ಕಳಚಲಿಲ್ಲ. ಹೌದು, ನಿಮ್ಮಣ್ಣನಿಗೆ ಈಗ ಕೊಡುತ್ತಿರುವ ಅದೇ ವೆನ್ಲಾಫ್ಯಾಕ್ಸಿನ್. ಅದಕ್ಕಿರುವುದು ಬೇರೆ ಕೆಲಸ: ಹೊಸದಾಗಿ ಕಲಿಯುವಾಗ ಕೊಟ್ಟರೆ ಆ ಹೊಸ ನೆನಪು ಸಿಹಿಯ ಕಡೆ ವಾಲುತ್ತದೆ. ಕೆಟಮಿನ್ ಅದನ್ನು ಮಾಡಲಿಲ್ಲ. ಔಷಧವನ್ನು ಮುಂಮೆದುಳಿನ ಮಧ್ಯಭಾಗಕ್ಕೆ ನೇರವಾಗಿ ಹಾಕಿದಾಗಲೂ ಕಹಿ ಕಳಚಿತು, ಹಾಗಾಗಿ ಕೆಲಸ ನಡೆಯುವ ಜಾಗದ ಸುಳಿವೂ ಸಿಕ್ಕಿತು. ಇಲಿಯ ಬಟ್ಟಲಿಗೂ ಮನುಷ್ಯನ ಬದುಕಿಗೂ ದೂರ ಬಹಳ ಇದೆ, ಆದರೂ ವೇಗ ಎಲ್ಲಿಂದ ಬಂತು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಸದ್ಯಕ್ಕಿಲ್ಲ. ಹೊಸ ಪುಟ ತುಂಬುವ ತನಕ ಕಾಯುವುದು ಬೇಡ, ಹಳೆಯ ಪುಟದ ಬಾಕಿಯೇ ಹಗುರಾದರೆ ಅದೇ ದಿನ ತಿಳಿಯುತ್ತದೆ.

ನರಕೋಶದ ಮಟ್ಟದಲ್ಲಿ ಇದು ಹೇಗೆ? ಎಸ್ಸಿಟಾಲೋಪ್ರಾಮ್ ಸೆರೊಟೋನಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ಕೆಟಮಿನ್‌ನದು ಗ್ಲುಟಮೇಟ್, ಮೆದುಳಿನ ಅತಿ ಸಾಮಾನ್ಯವಾದ ಚುರುಕು-ಸಂದೇಶ. ಗ್ಲುಟಮೇಟ್ ಬಂದು ಕೂರುವ ಎನ್‌ಎಂಡಿಎ ಎಂಬ ಬಾಗಿಲಿಗೆ ಕೆಟಮಿನ್ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಒಪ್ಪಿತವಾದ ಒಂದು ವಿವರಣೆಯ ಪ್ರಕಾರ, ಮೊದಲು ಸುಮ್ಮನಾಗುವುದು ಇತರ ಕೋಶಗಳನ್ನು ತಡೆದು ಹಿಡಿಯುವ ಕಾವಲು ನರಕೋಶಗಳು. ಕಾವಲು ಸಡಿಲಾದೊಡನೆ ಮುಂಮೆದುಳಿನಲ್ಲಿ ಗ್ಲುಟಮೇಟ್ ಒಮ್ಮೆ ಉಕ್ಕುತ್ತದೆ, ಆಂಪಾ ಎಂಬ ಇನ್ನೊಂದು ಬಾಗಿಲನ್ನು ತಟ್ಟುತ್ತದೆ, ಬಿಡಿಎನ್‌ಎಫ್ ಎಂಬ ಬೆಳೆಸುವ ಪ್ರೋಟೀನ್ ಹೊರಬರುತ್ತದೆ.

ಇನ್ನೊಂದು ಜಾಗ ಲ್ಯಾಟರಲ್ ಹ್ಯಾಬೆನ್ಯುಲಾ, ಮೆದುಳಿನ ನಡುವೆ ಇರುವ ಪುಟ್ಟ ಗಂಟು. 'ಅಂದುಕೊಂಡದ್ದು ಸಿಗಲಿಲ್ಲ' ಎಂಬ ನಿರಾಸೆಯ ಸುದ್ದಿ ಸಾರುವುದು ಇದರ ಕಸುಬು. ಖಿನ್ನತೆಯ ಮಾದರಿಯ ಇಲಿಗಳಲ್ಲಿ ಇದು ಬಿಡಿಬಿಡಿಯಾಗಿ ಮಿಡಿಯುವ ಬದಲು ಪಟಾಕಿ ಸರದ ಹಾಗೆ ಸಿಡಿಯುತ್ತದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಹೈಲಾನ್ ಹು ಅವರ ತಂಡ 2018ರಲ್ಲಿ, ಕೆಟಮಿನ್ ಈ ಸಿಡಿತವನ್ನು ಬೇಗನೆ ನಿಲ್ಲಿಸುತ್ತದೆ ಎಂದು ತೋರಿಸಿತು. 2023ರಲ್ಲಿ ಅದೇ ತಂಡ, ರಕ್ತದಿಂದ ಔಷಧ ಹೋದ ಮೇಲೂ ಅಲ್ಲಿನ ಬಾಗಿಲುಗಳಲ್ಲಿ ಅದು 24 ತಾಸಿನ ತನಕ ಸಿಕ್ಕಿಕೊಂಡಿರಬಲ್ಲದು ಎಂದು ಕಂಡುಕೊಂಡಿತು. ನಿರಾಸೆಯ ಡಂಗುರ ನಿಂತರೆ ಖುಷಿಯ ಸುದ್ದಿ ಕೇಳಿಸಲು ಜಾಗವಾಗುತ್ತದೆ.

ಮೂರನೆಯದು ಕಟ್ಟಡದ ಕೆಲಸ. ದೀರ್ಘ ಒತ್ತಡದಲ್ಲಿ ಮುಂಮೆದುಳಿನ ನರಕೋಶಗಳ ಕೊಂಬೆಗಳ ಮೇಲಿನ ಮುಳ್ಳಿನಂಥ ಸಂಪರ್ಕಬಿಂದುಗಳು ಉದುರುತ್ತವೆ. 2019ರಲ್ಲಿ ಜೀವಂತ ಇಲಿಗಳ ಮೆದುಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಿಕ್ಕ ಕ್ರಮ ಕುತೂಹಲದ್ದು: ನಡವಳಿಕೆ ಸುಧಾರಿಸಿದ್ದು ಮೂರು ತಾಸಿನೊಳಗೆ, ಹೊಸ ಮುಳ್ಳುಗಳು ಕಂಡದ್ದು 12 ತಾಸಿನ ನಂತರ. ಆ ಹೊಸ ಮುಳ್ಳುಗಳನ್ನು ಅಳಿಸಿಹಾಕಿದರೆ ಸುಧಾರಣೆ ಮುಂದುವರಿಯಲಿಲ್ಲ. ಮೊದಲು ಮಿಡಿತ ಬದಲಾಗುತ್ತದೆ, ಆಮೇಲೆ ಕಟ್ಟಡ ಎದ್ದು ಅದನ್ನು ಹಿಡಿದಿಡುತ್ತದೆ. ನಿಮ್ಮ 'ನಿಶೆಯೋ ಖರೆಯೋ' ಎಂಬುದಕ್ಕೆ ಇದು ಪ್ರಯೋಗಾಲಯದ ಉತ್ತರ.

ಮನುಷ್ಯರಲ್ಲಿ ಚಿತ್ರ ಇಷ್ಟು ನೀಟಾಗಿಲ್ಲ. ಪ್ಯಾರಿಸ್‌ನ ತಂಡವೊಂದು 2022ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ಕಾಟಾದ ಮಾತಿಗೆ ಹತ್ತಿರ. 'ನಿಮಗೆ ಮುಂದೆ ಇಂಥ ಕೇಡು ಆಗುವ ಸಂಭವ ನೂರಕ್ಕೆ ಎಷ್ಟು?' ಎಂದು ಮೊದಲು ಕೇಳುವುದು, ಆಮೇಲೆ ಜನಸಾಮಾನ್ಯರಲ್ಲಿನ ನಿಜವಾದ ಅಂಕಿ ಹೇಳುವುದು, ಮತ್ತೆ ಕೇಳುವುದು. ಆರೋಗ್ಯವಂತರು ಒಳ್ಳೆಯ ಸುದ್ದಿಗೆ ಬೇಗ ತಮ್ಮ ಅಂದಾಜು ತಿದ್ದುತ್ತಾರೆ, ಕೆಟ್ಟ ಸುದ್ದಿಯನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಖಿನ್ನತೆಯಲ್ಲಿ ಈ ಅನುಕೂಲದ ವಾಲುವಿಕೆ ಇರುವುದಿಲ್ಲ. ಕೆಟಮಿನ್‌ನ ಮೊದಲ ಬಾಟಲಿಯ ನಾಲ್ಕೇ ತಾಸಿನ ಮೇಲೆ ಅದು ಮರಳಿತ್ತು. ಇತ್ತ ಸ್ಕ್ಯಾನ್‌ಗಳಲ್ಲಿ ಭಾವನೆಯ ಮುಖಗಳನ್ನು ತೋರಿಸಿದಾಗ ಖಿನ್ನತೆ ಇದ್ದವರ ಮೆದುಳು ಕೆಟಮಿನ್ ನಂತರ ಒಂದು ದಿಕ್ಕಿಗೆ, ಆರೋಗ್ಯವಂತರದು ಅದರ ವಿರುದ್ಧ ದಿಕ್ಕಿಗೆ ಹೋದದ್ದುಂಟು. ಹಾಗಾಗಿ ಖಿನ್ನತೆ ಇಲ್ಲದವರು 'ಖುಷಿಗಾಗಿ' ತೆಗೆದುಕೊಂಡರೆ ಇದೇ ಗುಣ ಸಿಗುತ್ತದೆ ಎಂದುಕೊಳ್ಳುವಂತಿಲ್ಲ; ನಿಶೆ ಮತ್ತು ಚಟದ ಅಪಾಯವಂತೂ ಇದೆ.

ಮುಚ್ಚಿಡಬಾರದ ಇನ್ನೊಂದು ಪ್ರಯೋಗ ಇದೆ. ರೋಗಿಗೆ ತಾನು ಕೆಟಮಿನ್ ಪಡೆದೆ ಎಂದು ನಿಶೆಯಿಂದಲೇ ಗೊತ್ತಾಗುತ್ತದೆ, ಹಾಗಾಗಿ ನಂಬಿಕೆಯ ಪಾಲು ಎಷ್ಟು, ಔಷಧದ ಪಾಲು ಎಷ್ಟು ಬಿಡಿಸುವುದು ಕಷ್ಟ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬೇರೆ ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆಯಲ್ಲಿದ್ದ 40 ಖಿನ್ನ ರೋಗಿಗಳಿಗೆ, ಅವರಿಗೆ ಗೊತ್ತಾಗದ ಹಾಗೆ, ಕೆಟಮಿನ್ ಅಥವಾ ಬರೀ ಸಲಾಯಿನ್ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪು ಚೆನ್ನಾಗಿಯೇ ಸುಧಾರಿಸಿದವು, ನಡುವೆ ಫರಕಿಲ್ಲ. ಔಷಧ ಸುಳ್ಳು ಎಂದು ಇದರಿಂದ ಹೇಳಲಾಗದು, ಜೊತೆಗಿದ್ದ ಅರಿವಳಿಕೆ ಔಷಧಗಳೇ ಅಡ್ಡಬಂದಿರಬಹುದು. ಆದರೆ ನಿರೀಕ್ಷೆಗೂ ಇಲ್ಲಿ ದೊಡ್ಡ ಪಾತ್ರವಿದೆ ಎಂದು ಒಪ್ಪಬೇಕು. 'ಒಂದೇ ಇಂಜೆಕ್ಷನ್‌ಗೆ ಗ್ಯಾರಂಟಿ' ಅನ್ನುವವರಿಂದ ದೂರ ಇರಿ.

ಇನ್ನು ನಿಮ್ಮಣ್ಣನ ವಿಷಯ. ಮೊದಲು ನೋಡಬೇಕಾದದ್ದು, ಎರಡು ಗುಳಿಗೆ 'ಹತ್ತಲಿಲ್ಲ' ಎಂಬುದು ನಿಜವೇ. ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂನಲ್ಲೇ ನಿಂತಿತ್ತೇ, 20ಕ್ಕೆ ಹೋಯಿತೇ? ಒಂದೊಂದೂ ಸರಿಯಾದ ಪ್ರಮಾಣದಲ್ಲಿ ಆರರಿಂದ ಎಂಟು ವಾರ ಬಿಡದೆ ನಡೆಯಿತೇ? ಮಾರ್ಕೆಟ್ ಸೀಜನ್‌ನಲ್ಲಿ ಗುಳಿಗೆ ತಪ್ಪಿಸಿದ್ದುಂಟೇ? ಥೈರಾಯ್ಡ್, ಬಿ12 ನೋಡಿದ್ದಾರೆಯೇ? ಸಂಜೆಯ ಕುಡಿತ ಇದೆಯೇ? ಇದ್ದರೆ ಡಾಕ್ಟರ್ ಮುಂದೆ ಹೇಳಲೇಬೇಕು, ಮನೆಯ ಮರ್ಯಾದೆ ಆಮೇಲೆ. ಹಿಂದೆ ಎಂದಾದರೂ ನಿದ್ದೆಯಿಲ್ಲದೆ ವಾರಗಟ್ಟಲೆ ಅತಿ ಉತ್ಸಾಹದಲ್ಲಿ ಸಾಲಮೂಲ ಮಾಡಿದ್ದು, ಇಲ್ಲದ ಧ್ವನಿ ಕೇಳಿಸಿದ್ದು ಇದ್ದರೆ ಅದನ್ನೂ ಹೇಳಿ. ಅಂಥವರಿಗೆ ಲೆಕ್ಕ ಬೇರೆ.

ಕ್ಲೋನಾಜೆಪಾಮ್ ಬಗ್ಗೆ ವಿಶೇಷವಾಗಿ ಕೇಳಿ. ನಮ್ಮ ಕಡೆ ಎಸ್ಸಿಟಾಲೋಪ್ರಾಮ್ ಜೊತೆ ಇದನ್ನು ಒಂದೇ ಗುಳಿಗೆಯಲ್ಲಿ ಬೆರೆಸಿ ಕೊಡುವುದು ಎಷ್ಟು ಸಾಮಾನ್ಯವೆಂದರೆ, ತಾವು ಅದನ್ನು ತಿನ್ನುತ್ತಿದ್ದೇವೆ ಎಂದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕೆಟಮಿನ್ ಸಡಿಲಿಸುವ ಅದೇ ಕಾವಲನ್ನು ಈ ಜಾತಿಯ ಗುಳಿಗೆಗಳು ಬಿಗಿ ಮಾಡುತ್ತವೆ, ಅದರಿಂದ ಕೆಟಮಿನ್‌ನ ಪರಿಣಾಮ ಕುಗ್ಗುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತಿಂದದ್ದನ್ನು ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು. ಎಷ್ಟು ಇಳಿಸಬೇಕು, ಹಿಂದಿನ ರಾತ್ರಿಯದನ್ನು ಬಿಡಬಹುದೇ ಎಂದು ಡಾಕ್ಟರ್ ಹೇಳಬೇಕು. ವೆನ್ಲಾಫ್ಯಾಕ್ಸಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ, ಆದರೆ ಅದೂ ಬಿಪಿ ಏರಿಸುವ ಔಷಧ, ಕೆಟಮಿನ್ನೂ ಹೌದು. 140/90ಕ್ಕಿಂತ ಮೇಲಿದ್ದರೆ ಮೊದಲು ಅದು ಹತೋಟಿಗೆ ಬರಲಿ.

ಆ ದಿನ ಏನಾಗಬೇಕು? ಗಟ್ಟಿ ಆಹಾರ ಆರು ತಾಸು ಮುಂಚೆ ಬಂದ್, ನೀರು ಎರಡು ತಾಸು ಮುಂಚೆ ಬಂದ್, ಇಲ್ಲದಿದ್ದರೆ ವಾಂತಿ. ತೂಕ 62 ಕಿಲೋ ಎಂದಿಟ್ಟುಕೊಳ್ಳಿ: 31 ಮಿ.ಗ್ರಾಂ. ಒಂದು ಮಿ.ಲೀ.ಗೆ 50 ಮಿ.ಗ್ರಾಂ ಇರುವ ಔಷಧದಲ್ಲಿ ಅದು 0.62 ಮಿ.ಲೀ. 100 ಮಿ.ಲೀ. ಸಲಾಯಿನ್‌ಗೆ ಹಾಕಿ 40 ನಿಮಿಷಕ್ಕೆ ಮುಗಿಸಲು ಪಂಪ್ ತಾಸಿಗೆ 150 ಮಿ.ಲೀ.ಗೆ ಇಡಬೇಕು. ಎಡವಟ್ಟು ಆಗುವುದು ಎರಡು ಕಡೆ. ಮಿ.ಲೀ.ಗೆ 10 ಮಿ.ಗ್ರಾಂ ಇರುವುದೂ ಮಾರ್ಕೆಟ್‌ನಲ್ಲಿದೆ. ಅದಲುಬದಲಾದರೆ ಐದು ಪಟ್ಟು ಹೆಚ್ಚೋ ಕಡಿಮೆಯೋ ಆಯಿತು. ಇನ್ನೊಂದು, ಪಂಪ್ ಇಲ್ಲದೆ ಕೈಯಿಂದ ಹನಿ ಬಿಟ್ಟು ಹತ್ತು ನಿಮಿಷಕ್ಕೇ ಬಾಟಲಿ ಖಾಲಿಯಾಗುವುದು. ಆಗ ಬಿಪಿ ಜಿಗಿಯುತ್ತದೆ, ರೋಗಿ ಹೆದರಿ ಕೂಗಾಡುತ್ತಾನೆ, ಇನ್ನೊಮ್ಮೆ ಬರಲು ಒಪ್ಪುವುದಿಲ್ಲ. ಬೆರಳಿಗೆ ಆಕ್ಸಿಜನ್ ಕ್ಲಿಪ್, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ಉಸಿರಾಟ ಸಂಭಾಳಿಸಬಲ್ಲ ಡಾಕ್ಟರ್ ಅದೇ ಕಟ್ಟಡದಲ್ಲಿ: ಇಷ್ಟಿಲ್ಲದ ಕ್ಲಿನಿಕ್ ಬೇಡ. ಮುಗಿದ ಮೇಲೆ ಕನಿಷ್ಠ ಎರಡು ತಾಸು ಅಲ್ಲೇ. ಮರುದಿನದ ತನಕ ಬೈಕ್ ಮುಟ್ಟುವಂತಿಲ್ಲ, ಸಹಿ-ವ್ಯವಹಾರ ಇಲ್ಲ. ಹುಬ್ಬಳ್ಳಿಯಲ್ಲಿ ಬೀಗರ ಮನೆ ಇದ್ದರೆ ರಾತ್ರಿ ಅಲ್ಲೇ ಉಳಿದು ಮುಂಜಾನೆ ರೈಲು ಹಿಡಿಯುವುದು ಚಲೋ.

ಭಾರತದಲ್ಲಿ ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಪಟ್ಟಿಯದ್ದು; ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ. ಚೀಟಿ ಎರಡು ಪ್ರತಿಯಲ್ಲಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಖಿನ್ನತೆಗೆ ಕೊಡುವುದು ಅರಿವಳಿಕೆಯ ಪರವಾನಗಿಯಾಚೆಗಿನ ಬಳಕೆ, ಆದ್ದರಿಂದ ನಿಮ್ಮಣ್ಣನ ಲಿಖಿತ ಒಪ್ಪಿಗೆ ಪಡೆಯಬೇಕು. ಮನೆಗೆ ಒಯ್ಯಿರಿ ಎಂದು ಯಾರಾದರೂ ಕೈಗೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಚಟವಾಗಿ ಪದೇಪದೇ ತೆಗೆದುಕೊಂಡವರ ಮೂತ್ರಕೋಶ ಹುಣ್ಣಾಗಿ ಕುಗ್ಗಿದ ಪ್ರಕರಣಗಳು ಬಹಳ.

ಈಗ ಆ 35ರ ಅಂಕಿಗೆ ಬರೋಣ. ಒಂದು ಬಾಟಲಿಯ ಗುಣ ಕೆಲವು ದಿನದ್ದು. ಅದಕ್ಕೇ ಎರಡು-ಮೂರು ವಾರದಲ್ಲಿ ಆರು ಬಾಟಲಿ ಕೊಡುತ್ತಾರೆ. ಹಾಗೆ ಕೊಟ್ಟ ಒಂದು ಅಧ್ಯಯನದಲ್ಲೂ, ಗುಣ ಕಂಡವರಲ್ಲಿ ಅರ್ಧ ಜನರಿಗೆ ಕೊನೆಯ ಬಾಟಲಿಯ ನಂತರ 18 ದಿನದೊಳಗೆ ಖಿನ್ನತೆ ಮರಳಿತು. ಕೆಟಮಿನ್ ಹಳೆಯ ಬಾಕಿ ಹಗುರ ಮಾಡಿಕೊಡುತ್ತದೆ, ಹೊಸ ಪುಟ ಬರೆದುಕೊಡುವುದಿಲ್ಲ. ಅದಕ್ಕೆ ಗುಳಿಗೆ ಮತ್ತು ದಿನದ ಬದುಕು ಎರಡೂ ಬೇಕು. ನಮ್ಮ ಅಭಿಪ್ರಾಯದಲ್ಲಿ ಈ ಚಿಕಿತ್ಸೆಯಲ್ಲಿ ಹೆಚ್ಚು ಹಾಳಾಗುವುದು ಇಲ್ಲೇ. ಮನೆಯವರು 'ದಣದಾನ, ಮಲಕೊಳ್ಳಲಿ' ಎಂದು ಕೋಣೆಗೆ ಕಳಿಸಿಬಿಡುತ್ತಾರೆ. ಆ ಮೂರು-ನಾಲ್ಕು ದಿನ ಅವನನ್ನು ಹೊರಗೆ ಕರೆದೊಯ್ಯಿರಿ: ಅರ್ಧ ದಿನ ಅಂಗಡಿ, ಬಿಟ್ಟುಬಿಟ್ಟಿದ್ದ ಗೆಳೆಯರ ಮನೆ, ಸಂಜೆ ಅಡ್ಡಾಡುವುದು. ಸಮಾಲೋಚನೆಯ ಭೇಟಿಯನ್ನೂ ಇದೇ ದಿನಗಳಲ್ಲಿ ಇಟ್ಟುಕೊಳ್ಳಿ.

'ಭಾವನೆಯೇ ಸತ್ತು ಹೋಗುತ್ತದೆಯೇ' ಎಂಬ ಅಂಜಿಕೆ ನಿಮ್ಮ ಮನೆಯಲ್ಲೂ ಇರಬಹುದು. ಅಳುವೂ ಬರುವುದಿಲ್ಲ ನಗುವೂ ಬರುವುದಿಲ್ಲ ಎಂಬ ದೂರು ಹೆಚ್ಚಾಗಿ ಎಸ್ಸಿಟಾಲೋಪ್ರಾಮ್ ಜಾತಿಯ ಗುಳಿಗೆಗಳದ್ದು; ಆರೋಗ್ಯವಂತರಲ್ಲೂ ಕೆಲವು ವಾರ ಕೊಟ್ಟಾಗ ಪ್ರತಿಫಲಕ್ಕೆ ಸ್ಪಂದಿಸುವುದು ಮಂದವಾದದ್ದು ಕಂಡಿದೆ. ಕೆಟಮಿನ್ ಈ ವಿಷಯದಲ್ಲಿ ಬೇರೆ. ಯಾವುದರಲ್ಲೂ ರುಚಿಯಿಲ್ಲದ ಸ್ಥಿತಿ ಅದರಿಂದ ಬೇಗ ಸಡಿಲಾಗುತ್ತದೆ.

'ಕರೆಂಟ್ ಕೊಡೋದು' ಅಂತ ಜನ ಅಂಜುವ ಇಸಿಟಿಯನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಅದನ್ನು ಕೊಡುವಂತಿಲ್ಲ. ಭ್ರಮೆಯಿಲ್ಲದ ಖಿನ್ನತೆಯಲ್ಲಿ ಕೆಟಮಿನ್ ಇಸಿಟಿಗಿಂತ ಹಿಂದೆ ಬೀಳಲಿಲ್ಲ ಎಂದು 2023ರ ಅಮೆರಿಕದ ಪ್ರಯೋಗ ಹೇಳಿದರೆ, ಸ್ವೀಡನ್ನಿನದು ಇಸಿಟಿಯೇ ಮುಂದೆ ಎಂದಿತು. ಊಟ-ನೀರು ಬಿಟ್ಟವರಿಗೆ, ಭ್ರಮೆ ಇರುವವರಿಗೆ ಇಸಿಟಿಯೇ ಮೇಲು. ಎರಡನೆಯ ಅಭಿಪ್ರಾಯ ಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. 'ಧಾರವಾಡಕ್ಕ ಕಳಸಬೇಕು ನಿನ್ನ' ಎಂಬ ಬೈಗುಳ ಕೇಳಿ ಬೆಳೆದವರಿಗೆ ಆ ಗೇಟು ದಾಟುವುದು ಕಷ್ಟ, ಗೊತ್ತು. ಆದರೂ ದಾಟಿ.

ಮುಂಜಾನೆ ಒಂದು, ಸಂಜೆ ಒಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ತಾಸು ನಿದ್ದೆ, ಯಾರ ಜೊತೆ ಮಾತಾಡಿದ, ಯಾವುದಕ್ಕೆ ನಕ್ಕ, ಸಾಯುವ ಮಾತು ಬಂತೇ. ಕೆಟಮಿನ್ ಆ ಯೋಚನೆಯನ್ನು ಬೇಗ ಇಳಿಸುವುದುಂಟು, ಆತ್ಮಹತ್ಯೆಯನ್ನೇ ತಡೆಯುತ್ತದೆ ಎಂದು ಸಾಬೀತಾಗಿಲ್ಲ. ಗುಣ ಕಂಡು ಮತ್ತೆ ಜಾರುವ ವಾರ ಮನೆಯಲ್ಲಿ ಬೆಳೆಯ ಔಷಧದ ಡಬ್ಬಿ ಇರಕೂಡದು, ಗುಳಿಗೆಗಳು ನಿಮ್ಮ ಕೈಯಲ್ಲಿರಲಿ. ಆ ಮಾತು ಬಂದ ರಾತ್ರಿ ಬೆಳಗಾಗುವ ತನಕ ಕಾಯದೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.